ಜಪಾನಿನ ಅಳಿಯ

ನಾರಾಯಣಪೇಟೆಯ ನಮ್ಮ ದೊಡ್ಡವ್ವನಿಗೆ ಈಗ ಜಪಾನಿನ ಸಂಸಾರದ ಚಿಂತೆ. ಮೊಮ್ಮಗಳು ನೆಟ್‌ಫ್ಲಿಕ್ಸಿನಲ್ಲಿ ಹಚ್ಚಿಕೊಟ್ಟ ‘ಮೈ ಹ್ಯಾಪಿ ಮ್ಯಾರೇಜ್’ ಅನಿಮೆ 2023ರದ್ದು. ಕಥೆ ಮಾತ್ರ ಹಳೆಯ ಮೇಜಿ ಕಾಲದ ಜಪಾನನ್ನು ಹೋಲುವ ಲೋಕದ್ದು. ಮಲತಾಯಿಯ ಕಾಟ ಉಂಡ ಮೀಯೊ, ಅವಳ ಕೈಹಿಡಿಯಲಿರುವ ಸೇನಾಧಿಕಾರಿ ಕಿಯೋಕ, ಅವನಿಗೆ ಬೆಂಕಿ–ಮಿಂಚಿನ ಶಕ್ತಿ.

ಈ ದೆವ್ವ–ಮಾಟಕ್ಕೆಲ್ಲ ದೊಡ್ಡವ್ವ ಸೊಪ್ಪು ಹಾಕುವವಳಲ್ಲ. ಅವಳ ಸಿಟ್ಟು ಮೊದಲ ದಿನದ ನಾಷ್ಟಾದ ಮೇಲೆ. ಹುಡುಗಿ ನಸುಕಿನಲ್ಲೆದ್ದು ಅಡುಗೆ ಮಾಡಿಟ್ಟರೆ, ವಿಷ ಹಾಕಿದ್ದಾಳೇನೋ ಎಂದು ಕಿಯೋಕ ಉಣ್ಣದೆ ಎದ್ದುಹೋಗುತ್ತಾನೆ.

“ನಮ್ಮ ಮಕ್ತಲ್ ಅಳಿಯ ಉಪ್ಪು ಕಮ್ಮಿ ಅಂದದ್ದಕ್ಕೇ ಒಂದ್ ವರ್ಷ ಮಾತು ಬಿಟ್ಟಿದ್ವಿ. ಇವಂಗ ಮಿಂಚು ಬ್ಯಾರೆ ಕೇಡು!”

ಆದರೆ ಅವನು ಮೀಯೊಗಾಗಿ ಕಿಮೊನೊ ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ಪಾಪವೆಲ್ಲ ಪರಿಹಾರ. ದೊಡ್ಡವ್ವ ಟಿವಿಗೆ ಮೂಗು ತಾಗಿಸಿ ಅಂಚು ನೋಡಿದಳು. ನಮ್ಮ ಗದ್ವಾಲದ ಸೀರೆಗಾದರೆ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದ ಮೇಲೇ ಎಳೆಗೆ ಎಳೆ ಕೂಡಿಸುತ್ತಾರೆ. ಇಡೀ ಸೀರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆಂದು ಅಲ್ಲಿಯವರ ಬಡಾಯಿ. ಕಿಮೊನೊಗೋ, ಸೊಂಟದ ಪಟ್ಟಿಯೇ 4 ಮೀಟರ್!

“ಇಷ್ಟು ಸುತ್ಕೊಂಡು ರೊಟ್ಟಿ ಹೆಂಗ ಬಡೀತಾಳ?”

ರೊಟ್ಟಿ ಬಡಿಯುವುದಿಲ್ಲ ಅಂದೆ. ಅದೂ ಒಂದು ಕೊರತೆಯೆಂದು ಲೆಕ್ಕಕ್ಕೆ ಹತ್ತಿತು.

ಕಿಯೋಕ ಬಾಚಣಿಗೆ ಕೊಡುತ್ತಾನೆ, ಅವಳು ಅವನ ಉದ್ದ ಕೂದಲಿಗೆ ಹೆಣೆದ ದಾರ ಕೊಡುತ್ತಾಳೆ. ನಾವೆಲ್ಲ ಕಣ್ಣೊರೆಸಿಕೊಳ್ಳುವಾಗ ದೊಡ್ಡವ್ವ ಮಾತ್ರ ಸೆಟೆದು ಕೂತಳು.

“ದಾರ ಯಾಕ? ಲಗ್ನಕ್ಕ ಮೊದಲ ಕಟಿಂಗ್ ಮಾಡಿಸ್ರಿ ಅವಂಗ!”