ಎರಡೂ ಒಂದೇ

ಬಸವೇಶ್ವರನಗರ, ರಾಜಾಜಿನಗರ, ವಿಜಯನಗರದ ಕಡೆ ಈಗ ಕ್ರಾಸಿಗೊಬ್ಬರಂತೆ ಜೆರ್ಸಿ ರಾಯರಿದ್ದಾರೆ. ವಯಸ್ಸು ಐವತ್ತರ ಆಚೀಚೆ. ಮೂವತ್ತು ನಲವತ್ತು ಸೈಟಿನಲ್ಲಿ ಸ್ವಂತ ಮನೆ, ಮೇಲೊಂದು ಬಾಡಿಗೆ ಮನೆ. ಸಾಲ ತೀರಿದೆ, ಸಕ್ಕರೆ ಶುರುವಾಗಿದೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ರಾಯರು ಒಂದೂವರೆ ಲಕ್ಷದ ಸೈಕಲ್ ತಂದರು. ನಡೆಯುವುದಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಹೆಚ್ಚೇನೂ ಸಿಗುವುದಿಲ್ಲವಲ್ಲ, ಅದೇ ಕಾರಣವಿರಬೇಕು.

ಸೈಕಲ್ ಈ ಕಡೆಗೆ ಹೊಸದೇನಲ್ಲ. ಬಿನ್ನಿ ಮಿಲ್ಲಿನ ಪಾಳಿ ಬಿಟ್ಟಾಗ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ ಕೂಗಿದಾಗ ಮಾಗಡಿ ರಸ್ತೆಯ ತುಂಬ ಸೈಕಲ್ಲೇ ಇರುತ್ತಿತ್ತು. ಆಗಿನ ಸೈಕ್ಲಿಂಗ್ ಉಡುಪೆಂದರೆ ಪ್ಯಾಂಟಿನ ಬಲಗಾಲು ಚೈನಿಗೆ ಸಿಕ್ಕದಂತೆ ಹಾಕಿಕೊಳ್ಳುವ ಒಂದು ಕ್ಲಿಪ್ಪು. ಅದೂ ಕಳೆದುಹೋದರೆ ರಬ್ಬರ್ ಬ್ಯಾಂಡು. ರಾಯರ ತಂದೆಯವರು ಹಾಗೆ ಮೂವತ್ತು ವರ್ಷ ತುಳಿದು ನಿವೃತ್ತರಾದರು. ಅವರನ್ನು ಯಾರೂ ಸೈಕ್ಲಿಸ್ಟ್ ಅನ್ನಲಿಲ್ಲ.

ಭಾನುವಾರ ಬೆಳಗಿನ ಜಾವ ರಾಯರ ಅಲಂಕಾರ ನೋಡಬೇಕು. ಮೊದಲು ಬಿಬ್ ಶಾರ್ಟ್ಸ್, ಅಂದರೆ ಭುಜಕ್ಕೆ ಪಟ್ಟಿಗಳಿರುವ ಬಿಗಿ ಚಡ್ಡಿ. ಅದರ ಮೇಲೆ ಜೆರ್ಸಿ. ಆಮೇಲೆ ಕೈಗವಸು, ಕನ್ನಡಕ, ಹೆಲ್ಮೆಟ್ಟು, ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಇರುವ ಶೂ. ಆ ಶೂ ಹಾಕಿಕೊಂಡು ಮೊಸಾಯಿಕ್ ನೆಲದ ಮೇಲೆ ಟಕ್ ಟಕ್ ಎಂದು ನಡೆದರೆ ಮೇಲಿನ ಮನೆಯ ಬಾಡಿಗೆ ಹುಡುಗನಿಗೂ ಎಚ್ಚರವಾಗುತ್ತದೆ. ಗೇಟಿನಾಚೆ ರಂಗೋಲಿ ಬಿಡುತ್ತಿರುವ ಎದುರುಮನೆ ಅಜ್ಜಿ ತಲೆಯೆತ್ತಿ ನೋಡಿ ತಕ್ಷಣ ತಗ್ಗಿಸುತ್ತಾರೆ. 'ಪಾಪ, ಒಳಗಿನ ಬಟ್ಟೇಲೇ ಹೊರಟುಬಿಟ್ರಲ್ಲೇ, ಯಾರಾದ್ರೂ ಹೇಳಬಾರದಾ?' ಎಂದು ಅವರು ಸೊಸೆಯನ್ನು ಕೇಳಿದ್ದು ಬೀದಿಗೆಲ್ಲ ಗೊತ್ತು.

ಅಜ್ಜಿಗೆ ಪೂರ್ತಿ ಸತ್ಯ ಗೊತ್ತಿಲ್ಲದಿರುವುದೇ ಒಳ್ಳೆಯದು. ಆ ಚಡ್ಡಿಯೊಳಗೆ ಬೇರೇನನ್ನೂ ಹಾಕುವಂತಿಲ್ಲ, ಅದು ಶಾಸ್ತ್ರ. ಈ ಸಂಗತಿಯನ್ನು ರಾಯರು ಮದುವೆಯಾಗಿ ಇಪ್ಪತ್ತಾರು ವರ್ಷವಾದ ಹೆಂಡತಿಗೆ ಒಮ್ಮೆ ವಿವರಿಸಿದರು. 'ಇದನ್ನ ಇನ್ಯಾರ ಹತ್ರಾನೂ ಹೇಳಬೇಡಿ' ಎಂದಷ್ಟೇ ಅಂದು ಆಕೆ ಅಡುಗೆಮನೆಗೆ ಹೋದರು.

ಆದರೆ ಶಾಸ್ತ್ರಕ್ಕೆ ಕಾರಣವಿದೆ. ಸೀಟಿನ ಮೇಲೆ ಕೂತು ಗಂಟೆಗೆ ನಾಲ್ಕೈದು ಸಾವಿರ ಸಲ ಕಾಲು ಆಡಿಸುವಾಗ ತೊಂದರೆ ಕೊಡುವುದು ಸೀಟಿಗಿಂತ ಹೊಲಿಗೆ. ಮಾಮೂಲಿ ಒಳಚಡ್ಡಿಯ ಅಂಚು ಮೊದಲ ಹತ್ತು ಕಿಲೋಮೀಟರ್ ಸುಮ್ಮನಿರುತ್ತದೆ, ಮೂವತ್ತರ ಹೊತ್ತಿಗೆ ಚರ್ಮ ಸುಲಿಯುತ್ತದೆ. ಹಿಂದೆ ಯುರೋಪಿನ ಸವಾರರು ಉಣ್ಣೆಯ ಚಡ್ಡಿಯೊಳಗೆ ಶಾಮ್ವಾ ಎಂಬ ಬೆಟ್ಟದ ಪ್ರಾಣಿಯ ಮೆದು ಚರ್ಮ ಹೊಲಿಸಿಕೊಳ್ಳುತ್ತಿದ್ದರು. ಒಗೆದರೆ ಅದು ಸೆಟೆದು ನಿಲ್ಲುತ್ತಿತ್ತು, ಮುಲಾಮು ಹಚ್ಚಿ ಮೆತ್ತಗೆ ಮಾಡಬೇಕಾಗಿತ್ತು. 1958ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಹಿಗ್ಗುವ ನೂಲನ್ನು ಕಂಡುಹಿಡಿದರು. ಅದೇ ಲೈಕ್ರಾ. ಅದು ಎಪ್ಪತ್ತರ ದಶಕದಲ್ಲಿ ಸೈಕಲ್ ಸವಾರರ ಸೊಂಟಕ್ಕೆ ಬಂತು, ಆಮೇಲೆ ಚರ್ಮದ ಜಾಗಕ್ಕೆ ಸ್ಪಂಜಿನ ಪ್ಯಾಡೂ ಬಂತು. ಹೀಗಾಗಿ ಆ ಬೊಗಸೆಯಗಲದ ಪ್ಯಾಡಿಗೆ ದುಡ್ಡು ಕೊಡುವುದನ್ನು ನಾನು ಆಡಿಕೊಳ್ಳಲಾರೆ. ಭುಜದ ಪಟ್ಟಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಸಕ್ಕರೆ ಇರುವ ಮನುಷ್ಯ ಗಂಟೆಗೊಮ್ಮೆ ಪೊದೆ ಹುಡುಕಬೇಕು, ಪೊದೆ ಸಿಕ್ಕ ಮೇಲೆ ಜೆರ್ಸಿ ಬಿಚ್ಚಿ, ಪಟ್ಟಿ ಇಳಿಸಿ, ಕುಂಬಳಗೋಡಿನ ಚಳಿಯಲ್ಲಿ ಬರಿಮೈಯಲ್ಲಿ ನಿಲ್ಲಬೇಕು. ಇಟಲಿಯಲ್ಲಿ ಈ ಚಡ್ಡಿ ಹೊಲಿದವರು ನಮ್ಮ ವಯಸ್ಸಿನವರನ್ನು ನೆನಸಿಕೊಂಡಂತಿಲ್ಲ.

ಇನ್ನು ಜೆರ್ಸಿ. 2004ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಫಾ, ಚೇಳಿನ ಗುರುತಿರುವ ಇಟಲಿಯ ಕ್ಯಾಸ್ಟೆಲಿ, ಸ್ವಿಟ್ಜರ್ಲೆಂಡಿನ ಅಸೋಸ್ ಎಂದು ರಾಯರು ಪ್ರವರ ಶುರುಮಾಡಿದರೆ ನಿಲ್ಲಿಸುವುದು ಕಷ್ಟ. ಬಟ್ಟೆ ಗಾಳಿ ಸೀಳುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ವೇಗ ಎರಡು ಪಟ್ಟಾದರೆ ಗಾಳಿಯೆದುರು ತುಳಿಯಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ, ಆದ್ದರಿಂದ ಗಂಟೆಗೆ ನಲವತ್ತೈದರಲ್ಲಿ ಹೋಗುವವನಿಗೆ ತೋಳಿನ ಒಂದು ಸುಕ್ಕೂ ಲೆಕ್ಕಕ್ಕೆ ಬರುತ್ತದೆ. ರಾಯರು ನಾಯಂಡಹಳ್ಳಿಯಲ್ಲಿ ಬಿಎಂಟಿಸಿ ಬಸ್ಸಿನ ಹಿಂದೆ ಹದಿನಾಲ್ಕರಲ್ಲಿ ಹೋಗುತ್ತಾರೆ. ಅಲ್ಲಿ ಅವರು ಸೀಳುವುದು ಹೊಗೆಯನ್ನು. ಜೆರ್ಸಿಯಲ್ಲಿ ನಿಜಕ್ಕೂ ಬೆಲೆಬಾಳುವುದು ಬೆನ್ನಿನ ಮೂರು ಜೇಬು. ಒಂದರಲ್ಲಿ ಫೋನು, ಒಂದರಲ್ಲಿ ಬಾಳೆಹಣ್ಣು, ವಾಪಸು ಬರುವಾಗ ಮೂರನೆಯದರಲ್ಲಿ ವಿಜಯನಗರ ಮಾರ್ಕೆಟ್ಟಿನ ಕೊತ್ತಂಬರಿ ಸೊಪ್ಪು. ಹಿಂದಿನಿಂದ ನೋಡಿದವರಿಗೆ ಕೊತ್ತಂಬರಿಯೇ ಮೊದಲು ಕಾಣುತ್ತದೆ, ಬ್ರ್ಯಾಂಡಿನ ಹೆಸರು ಅದರ ಕೆಳಗೆ.

ರಾಯರ ಆ ಚಡ್ಡಿಯ ಬೆಲೆ ಹದಿನೆಂಟು ಸಾವಿರ. ಹೊರದೇಶದ ಮಾಲು, ಅದರ ಮೇಲೆ ಕಸ್ಟಮ್ಸ್. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿಯಿತು. ಅದೇ ದಿನದಿಂದ 2,500 ರೂಪಾಯಿ ಮೀರಿದ ಉಡುಪಿನ ಮೇಲೆ 12 ಇದ್ದದ್ದು 18ಕ್ಕೆ ಏರಿತು. ಸೈಕಲ್ ಜನಸಾಮಾನ್ಯರದ್ದು, ಚಡ್ಡಿ ಶ್ರೀಮಂತರದ್ದು ಎಂದು ದೆಹಲಿಯವರಿಗೂ ಅನ್ನಿಸಿರಬೇಕು. ರಾಯರು ಈ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೆ ಹೆದರಲಿಲ್ಲ. ಮನೆಯ ಸರ್ಕಾರಕ್ಕೆ ಹೆದರಿ ಪಾರ್ಸೆಲನ್ನು ಆಫೀಸಿನ ವಿಳಾಸಕ್ಕೆ ತರಿಸಿ, ಚೀಟಿ ಕತ್ತರಿಸಿ, ಹಳೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದರು.

'ಎಷ್ಟು ಕೊಟ್ರಿ?'

'ಸಾವಿರದ ಎಂಟುನೂರು ಕಣೇ.'

ಒಂದು ಸೊನ್ನೆಯಷ್ಟೇ ಬಿಟ್ಟದ್ದು. ಆಕೆ ಬಟ್ಟೆ ಮುಟ್ಟಿ ನೋಡಿದರು, ಎಳೆದು ನೋಡಿದರು. ಸೀರೆಯ ಅಂಚು ಹಿಡಿದೇ ಬೆಲೆ ಹೇಳಬಲ್ಲ ಕೈ ಅದು. 'ಪರವಾಗಿಲ್ವೇ, ಇಷ್ಟು ಚೆನ್ನಾಗಿರೋದು ಬರೀ ಸಾವಿರದ ಎಂಟುನೂರಾ! ಹಾಗಾದ್ರೆ ನನ್ನ ತಮ್ಮಂಗೂ ಎರಡು ತರಿಸಿ. ಅವನೂ ನಿಮ್ಮ ಜತೆ ಬರ್ತೀನಿ ಅಂತಿದಾನೆ.'

ಬಾಮೈದ ಇರುವುದು ಕೆಂಗೇರಿ ಉಪನಗರದಲ್ಲಿ. ಅಕ್ಕನ ಮಾತೆಂದರೆ ಅವನಿಗೆ ವೇದ. ರಾಯರು ಆ ರಾತ್ರಿ ಮೂವತ್ತಾರು ಸಾವಿರವನ್ನು ಎಲ್ಲ ಕೋನದಿಂದ ನೋಡಿದರು. ಮಾರನೆಯ ದಿನ ಡೆಕಥ್ಲಾನಿಗೆ ಹೋಗಿ, ನಿಜವಾಗಿಯೂ ಸಾವಿರದ ಎಂಟುನೂರರಂತೆ ಎರಡು ಕರಿ ಚಡ್ಡಿ ಕೊಂಡು, ಚೀಟಿ ಕತ್ತರಿಸಿ, ಅದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ಕೊಟ್ಟರು.

'ನಿಮ್ದು ಇದೇನಾ?'

'ಎರಡೂ ಒಂದೇ ಕಣೇ.'

ಅಂದಿನಿಂದ ರಾಯರಿಗೆ ಎರಡು ಸಿದ್ಧಾಂತಗಳಾದವು. ಮನೆಯಲ್ಲಿ, ದುಬಾರಿ ಚಡ್ಡಿಗೂ ಅಗ್ಗದ ಚಡ್ಡಿಗೂ ಏನೇನೂ ವ್ಯತ್ಯಾಸವಿಲ್ಲ. ಗೆಳೆಯರ ಗುಂಪಿನಲ್ಲಿ, ಅಗ್ಗದ್ದರಲ್ಲಿ ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಿಂದ ಮಾಗಡಿ ರಸ್ತೆಯ ತನಕವೂ ಕೂರಲಾಗದು. ಎರಡು ಕಡೆಯ ನಡುವೆ ಸಂಪರ್ಕ ಇಲ್ಲದಷ್ಟು ದಿನ ಎರಡೂ ನಡೆದವು. ನಮ್ಮ ಎಷ್ಟೋ ರಾಜಕಾರಣಿಗಳೂ ದೆಹಲಿಯಲ್ಲೊಂದು ಊರಲ್ಲೊಂದು ಹೇಳಿಕೊಂಡು ನಾಲ್ಕು ಚುನಾವಣೆ ಗೆದ್ದಿದ್ದಾರೆ.

ಸಂಪರ್ಕ ಏರ್ಪಟ್ಟದ್ದು ಬಿಡದಿಯಲ್ಲಿ. ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯ ಗುಂಡಿ, ಎದುರಿಂದ ಬರುವ ಟ್ರ್ಯಾಕ್ಟರು, ನಾಯಿ ಎಲ್ಲವನ್ನೂ ದಾಟಿ ಗುಂಪು ತಟ್ಟೆ ಇಡ್ಲಿ ಹೋಟೆಲಿಗೆ ಬಂತು. ಬೆಣ್ಣೆ ಕರಗುವ ಹೊತ್ತಿಗೆ ಚಡ್ಡಿಯ ಮಾತು ಬಂತು. ರಾಯರು ಪ್ಯಾಡಿನ ಸಾಂದ್ರತೆಯ ಬಗ್ಗೆ ಹೇಳುತ್ತಿದ್ದರು. ಬಾಮೈದ ಎರಡನೇ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತ, 'ನಂದೂ ಭಾವಂದೂ ಒಂದೇ ಚಡ್ಡಿ. ಸಾವಿರದ ಎಂಟುನೂರು. ನಿಮಗೆ ಬೇಕಾದ್ರೆ ಭಾವ ತರಿಸಿಕೊಡ್ತಾರೆ' ಎಂದ. ಗುಂಪು ರಾಯರ ಮುಖ ನೋಡಿತು. ರಾಯರು ಇನ್ನೊಂದು ಕಾಫಿ ಹೇಳಿದರು. ಆರು ಮಂದಿ ತಮ್ಮ ತಮ್ಮ ಸೈಜು ಬರೆದುಕೊಟ್ಟರು.

ಮೇಲಿನ ಮನೆಯ ಬಾಡಿಗೆ ಹುಡುಗ ವಿಜಯಪುರದ ಕಡೆಯವನು, ರೈಲ್ವೆಯಲ್ಲಿ ಕೆಲಸ. ಆ ಸೀಮೆಯ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು: ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಜೋಳದ ಹೊಲದ ನಡುವಿನ ರಸ್ತೆಗಳಲ್ಲಿ ತುಳಿದು ಕಲಿತ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ಕರ್ನಾಟಕಕ್ಕೆ ರಾಷ್ಟ್ರೀಯ ಸೈಕ್ಲಿಂಗ್ ಪದಕ ತರುತ್ತಿದ್ದಾರೆ. ಅಲ್ಲಿ ಸೈಕ್ಲಿಂಗಿಗೆಂದೇ ಕ್ರೀಡಾನಿಲಯ ಇದೆ, ಪದಕ ಗೆದ್ದವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗುವುದೂ ಇದೆ. ಈ ಹುಡುಗ ಬಣ್ಣ ಮಾಸಿದ ಒಂದೇ ಜೆರ್ಸಿಯಲ್ಲಿ, ರಾಯರು ಬಿಡದಿ ತಲುಪುವ ಹೊತ್ತಿಗೆ ರಾಮನಗರ ಮುಟ್ಟಿ ವಾಪಸು ಹೊರಟಿರುತ್ತಾನೆ. ರಾಯರು ಒಂದು ಸಂಜೆ ಗುಟ್ಟಾಗಿ ಅವನ ಅಭಿಪ್ರಾಯ ಕೇಳಿದರು.

'ಅಂಗಿ ಯಾವುದಾದ್ರೂ ನಡೀತೈತ್ರಿ ಸರ್. ಚಡ್ಡಿ ಒಂದು ಚಲೋ ಇರಬೇಕ್ರಿ.'

ರಾಯರ ಮುಖ ಅರಳಿತು. 'ಚಲೋ ಅಂದ್ರೆ ಎಷ್ಟರದು?'

'ಎರಡು, ಎರಡೂವರೆ ಸಾವಿರದಾಗ ಬರ್ತೈತ್ರಿ. ಅದರ ಮ್ಯಾಲಿಂದು ಫೋಟೋಕ್ಕರೀ.' ಸ್ವಲ್ಪ ತಡೆದು, 'ಬ್ರೆವೆ ಅಂತ ಇನ್ನೂರು ಕಿಲೋಮೀಟರ್ ಸವಾರಿ ಹದಿಮೂರೂವರೆ ತಾಸಿನಾಗ ಮುಗಸಬೇಕಲ್ರೀ, ಅಂಥಾದ್ದು ತಿಂಗಳಿಗೊಂದು ಹೊಡೀತಿದ್ರ ಐದು ಸಾವಿರದ್ದೂ ತಗೋರಿ. ನೀವು ಇಡ್ಲಿಗೆ ಹೊಕ್ಕೀರಿ' ಎಂದ.

ನನಗೆ ಈ ಲೆಕ್ಕ ಸರಿ ಎನ್ನಿಸುತ್ತದೆ. ರಾಯರಿಗೂ ಎನ್ನಿಸಿರಬೇಕು, ಯಾಕೆಂದರೆ ಮುಂದಿನ ತಿಂಗಳ ಬಾಡಿಗೆ ಒಂದು ದಿನ ತಡವಾದಾಗ ಮೊದಲ ಬಾರಿಗೆ ಮೇಲೆ ಹೋಗಿ ಕೇಳಿದರು.

ಕೊನೆಗೆ ವಿಷಯ ಬಯಲಾದದ್ದು ಒಗೆಯುವ ಕಲ್ಲಿನ ಹತ್ತಿರ. ಹದಿನೆಂಟು ಸಾವಿರದ ಚಡ್ಡಿಯನ್ನು ತಣ್ಣೀರಿನಲ್ಲಿ, ಮೆತ್ತಗಿನ ಸೋಪಿನಲ್ಲಿ ಒಗೆಯಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಸಾವಿರದ ಎಂಟುನೂರರದ್ದಕ್ಕೂ ಬಹುತೇಕ ಇದೇ ನಿಯಮ, ಆದರೆ ಯಾರೂ ಪಾಲಿಸುವುದಿಲ್ಲ. ಬೆಲೆ ಅಷ್ಟೇ ಎಂದು ಮನೆಯಲ್ಲಿ ಘೋಷಿಸಿಯಾಗಿದ್ದರಿಂದ ಇಟಲಿಯ ಮಾಲು ಟವೆಲು, ಬೆಡ್‌ಶೀಟುಗಳ ಜತೆ ಬಿಸಿನೀರು ಕಂಡಿತು, ಬ್ರಷ್ ಕಂಡಿತು, ತಾರಸಿಯ ನಡುಮಧ್ಯಾಹ್ನದ ಬಿಸಿಲು ಕಂಡಿತು. ರಾಯರು ಕಿಟಕಿಯಿಂದ ನೋಡುತ್ತ ನಿಂತರು. ಬಾಯಿಬಿಟ್ಟರೆ ಸೊನ್ನೆ ಹೊರಬರುತ್ತದೆ.

ಮನೆಗೆಲಸದಾಕೆ ಮೊದಲು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡುತ್ತಿದ್ದವರು. ಹೊರದೇಶದ ಬ್ರ್ಯಾಂಡುಗಳ ಅಂಗಿ ದಿನಕ್ಕೆ ನೂರಾರು ತಿರುವಿ ನೋಡಿದ ಕಣ್ಣು. ಬಾಮೈದ ಒಂದು ಶನಿವಾರ ರಾತ್ರಿ ಇಲ್ಲೇ ಉಳಿದು, ಭಾನುವಾರ ಸವಾರಿ ಮುಗಿಸಿ ಚಡ್ಡಿ ಒಗೆಯಲು ಬಿಟ್ಟುಹೋಗಿದ್ದ. ಆಕೆ ಎರಡನ್ನೂ ಒಳಗು ಹೊರಗು ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಸವರಿ, 'ಅಮ್ಮಾ, ಇವೆರಡೂ ಒಂದೇ ಅಲ್ಲ. ಸಾರ್‌ದು ಫೈನ್ ಪೀಸು, ಫ್ಲಾಟ್‌ಲಾಕ್ ಹೊಲಿಗೆ ನೋಡಿ ಹೆಂಗೆ ಕೂತದೆ. ನಿಮ್ಮ ತಮ್ಮಂದು ಮಾಮೂಲಿ' ಎಂದರು. ಮತ್ತೆ ಪ್ಯಾಡ್ ಒತ್ತಿ ನೋಡಿ, 'ಇದು ಪಾಪುಗೆ ಕಟ್ಟೋ ಥರ ಏನಕ್ಕಮ್ಮಾ ದೊಡ್ಡೋರಿಗೆ?' ಎಂದೂ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿಯಲ್ಲಿ ಅಮ್ಮ ಇರಲಿಲ್ಲ.

'ರೀ, ನನ್ನ ತಮ್ಮಂಗೆ ಕಮ್ಮಿದು ತಂದು ಕೊಟ್ರಾ?'

ರಾಯರ ಮುಂದೆ ಎರಡು ದಾರಿ ಇದ್ದವು. ಬೆಲೆ ಒಪ್ಪಿಕೊಳ್ಳಬಹುದು, ಇಲ್ಲವೇ ಬಾಮೈದನಿಗೆ ಮೋಸ ಮಾಡಿದ್ದನ್ನು ಒಪ್ಪಿಕೊಳ್ಳಬಹುದು. ಇಪ್ಪತ್ತಾರು ವರ್ಷದ ಸಂಸಾರದ ಅನುಭವದಿಂದ ಅವರು ಮೂರನೆಯದನ್ನು ಹುಡುಕಿದರು. 'ಅಂಗಡಿಯವನು ಮಾಲು ಅದಲುಬದಲು ಮಾಡಿದಾನೆ ಕಣೇ. ಇರು, ಬದಲಾಯಿಸಿ ತರ್ತೀನಿ' ಎಂದು ಹೊರಹೋಗಿ, ಹಾವನೂರು ಸರ್ಕಲ್ಲಿನಲ್ಲಿ ಒಂದು ಬೈಟು ಕಾಫಿ ಕುಡಿದು ಬಂದರು. ಆಮೇಲೆ ಬೀರುವಿನಲ್ಲಿ ಸ್ವೆಟರುಗಳ ಹಿಂದೆ ಬಚ್ಚಿಟ್ಟಿದ್ದ, ಇನ್ನೂ ಮೈಗೆ ತಾಗಿಸದ ಎರಡನೆಯ ಹದಿನೆಂಟು ಸಾವಿರವನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೆಂಡತಿಯ ಕೈಗಿತ್ತರು. ಎರಡು ಕೊಂಡಿದ್ದರೆಂದು ಆವರೆಗೆ ನನಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಬಾಮೈದ ಅದನ್ನು ಹಾಕಿಕೊಂಡು ಬಂದ. ರಾಯರು ದಾರಿಯುದ್ದಕ್ಕೂ ಅವನ ಹಿಂದೆಯೇ ತುಳಿದರು, ಕಣ್ಣು ಬೇರೆಲ್ಲೂ ಹೋಗಲಿಲ್ಲ. ಬಿಡದಿಯಲ್ಲಿ ಇಳಿದ ಮೇಲೆ ತಡೆಯಲಾರದೆ ಕೇಳಿದರು.

'ಹೇಗಿದೆಯೋ?'

'ಯಾಕೋ ಬಿಗಿ ಭಾವ. ಮೊದಲಿನದೇ ಚೆನ್ನಾಗಿತ್ತು.'

'ಹಾಗಾದ್ರೆ ಅದನ್ನ ವಾಪಸ್ ಕೊಟ್ಟುಬಿಡು, ನಾನು ನೋಡ್ಕೋತೀನಿ.'

'ಬೇಡಿ ಭಾವ, ಅಕ್ಕ ಆಸೆಪಟ್ಟು ಕೊಡಿಸಿದ್ದು. ಯೋಗ ಕ್ಲಾಸಿಗೆ ಇಟ್ಕೋತೀನಿ. ಅಲ್ಲಿ ಬರೀ ನೆಲದ ಮೇಲೆ ಕೂರಿಸ್ತಾರೆ, ಮೆತ್ತಗಿರತ್ತೆ.'