ಮನೆ ಜಾಹೀರಾತಿನ ಸಂಧಿಪ್ರಕರಣ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ಮನೆ ಮಾರಾಟ ಹಾಗೂ ಬಾಡಿಗೆ ಜಾಹೀರಾತುಗಳೆಂಬ ಪಠ್ಯಸಮುಚ್ಚಯವನ್ನು ಸಂಕಥನದ ನೆಲೆಯಲ್ಲಿ, ನಗರೀಕರಣದ ಹಿನ್ನೆಲೆಯಲ್ಲಿ, ಅಧಿಕಾರ ಮತ್ತು ಅವಕಾಶಗಳ ಅಂತರ್‌ಸಂಬಂಧಗಳ ಮುನ್ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿದೆ. ನೆಲೆ, ಹಿನ್ನೆಲೆ, ಮುನ್ನೆಲೆ ಮೂರೂ ಮುಗಿದ ಮೇಲೆ ಉಳಿಯುವುದು ಬೆಲೆ. ಅದು 'ನೆಗೋಷಿಯಬಲ್' ಎಂದು ಬರೆದಿರುತ್ತದೆ, ಆಗಿರುವುದಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ. 13ನೇ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣವನ್ನು ಸಂಧಿಪ್ರಕರಣದಿಂದ ಆರಂಭಿಸುತ್ತಾನೆ. ಆತನಿಗೆ ಮನೆ ದಲ್ಲಾಳಿಗಳ ಒಡನಾಟವಿತ್ತೆಂಬುದಕ್ಕೆ ಶಾಸನಾಧಾರ ಸಿಗುವುದಿಲ್ಲ. ಆದರೂ ಕನ್ನಡ ಸಂಧಿಗಳು ಮೂರು, ಲೋಪ ಆಗಮ ಆದೇಶ, ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಪ್ರಸ್ತುತ ಸಂಶೋಧಕನಿಗೆ ಅದರ ಉಪಯೋಗ ಅರ್ಥವಾದದ್ದು ಮನೆ ಹುಡುಕಲು ಹೊರಟ ಮೇಲೆಯೇ. ಅಧ್ಯಯನ ವಿಧಾನ: ಕ್ಷೇತ್ರಕಾರ್ಯ. ಉಪಕರಣಗಳು: ಮೊಬೈಲು, ಸ್ಕೂಟರು. ಸಹಸಂಶೋಧಕಿ: ನಮ್ಮ ಮನೆಯವರು.

ಲೋಪಸಂಧಿ. ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದ ಪಕ್ಷದಲ್ಲಿ, ಹಿಂದಿನ ಸ್ವರ ಬಿಟ್ಟುಹೋಗುವುದು ಲೋಪ. ಜಾಹೀರಾತು ಭಾಷೆಯಲ್ಲಿ ಈ ಸೂತ್ರಕ್ಕೆ ಸಣ್ಣ ತಿದ್ದುಪಡಿಯಿದೆ: ಎಲ್ಲಿ ಅರ್ಥ ಕೆಡುತ್ತದೋ ಅಲ್ಲಿ ಮಾತ್ರ ಲೋಪ. ನಾಲ್ಕನೇ ಮಹಡಿ + ಲಿಫ್ಟ್ ಇಲ್ಲ = 'ಟಾಪ್ ಫ್ಲೋರ್, ಒಳ್ಳೇ ಗಾಳಿ ಬೆಳಕು'. ಕಟ್ಟಡ ಮುಗಿದಿದೆ + ಓಸಿ (ವಾಸಕ್ಕೆ ಅನುಮತಿ ಪತ್ರ) ಬಂದಿಲ್ಲ = 'ರೆಡಿ ಟು ಮೂವ್'. ಬಿ + ಖಾತಾ = 'ಖಾತಾ ಇದೆ ಸಾರ್'. ಕೊನೆಯ ಉದಾಹರಣೆಯಲ್ಲಿ ಲೋಪವಾಗಿರುವುದು ಒಂದೇ ಒಂದು ಅಕ್ಷರ, ದಾಖಲೆ ಸರಿಯಿಲ್ಲದ ಆಸ್ತಿಯ ಗುರುತು. ಆ ಒಂದಕ್ಷರಕ್ಕಾಗಿ ಬ್ಯಾಂಕಿನವರು ಸಾಲ ಕೊಡುವುದಿಲ್ಲವೆಂದು ತಲೆಯಾಡಿಸುತ್ತಾರೆ, ಕೊಟ್ಟರೂ ಬಡ್ಡಿ ಏರಿಸುತ್ತಾರೆ. ವ್ಯಾಕರಣಕ್ಕೆ ಇಷ್ಟು ಬೆಲೆ ಕಟ್ಟುವ ಸಮಾಜ ಇನ್ನೊಂದಿಲ್ಲ.

ಆಗಮಸಂಧಿ. ಇಲ್ಲದ ಯಕಾರವೋ ವಕಾರವೋ ನಡುವೆ ಬಂದು ಸೇರುವುದು ಆಗಮ. ಒಪ್ಪಿದ ಬೆಲೆಗೂ ಕೊಡಬೇಕಾದ ಬೆಲೆಗೂ ನಡುವೆ ಕಾರ್ ಪಾರ್ಕಿಂಗು ಬರುತ್ತದೆ. ಕ್ಲಬ್‌ಹೌಸು ಬರುತ್ತದೆ. ಮಹಡಿ ಏರಿದ್ದಕ್ಕೆ ಒಂದು ಚಾರ್ಜು, ಮೂಲೆಯ ಮನೆಯೆಂದು ಒಂದು ಚಾರ್ಜು, ಕಾರ್ಪಸ್ ಫಂಡು, ಕಟ್ಟುತ್ತಿರುವ ಮನೆಯಾದರೆ ಜಿಎಸ್‌ಟಿ.

ಆಗಮದ ಪರಮೋದಾಹರಣೆ ಚದರಡಿ. ನಮ್ಮಲ್ಲಿ ಹಳಬರು 'ಎಂಟು ಚದರದ ಮನೆ' ಎಂದರೆ ಎಂಟುನೂರು ಚದರಡಿ, ಟೇಪು ಹಿಡಿದರೆ ಹೆಚ್ಚುಕಡಿಮೆ ಅಷ್ಟೇ. ಈಗ 'ಸೂಪರ್ ಬಿಲ್ಟಪ್' ಎಂಬ ಅಳತೆಯುಂಟು. ಅದರಲ್ಲಿ ಮೆಟ್ಟಿಲು, ಲಿಫ್ಟಿನ ಗೂಡು, ಕಾರಿಡಾರು, ಕೆಲವೊಮ್ಮೆ ಕಾವಲುಗಾರನ ಕೋಣೆಯವರೆಗೆ ಎಲ್ಲದರಲ್ಲೂ ನಿಮ್ಮ ಪಾಲು ಸೇರಿ, 1,200 ಎಂದು ಅಚ್ಚಾದ ಮನೆಯಲ್ಲಿ ಮಂಚ ಹಾಕಲು ಸಿಗುವ ಜಾಗ 850ರ ಆಸುಪಾಸಿಗೆ ಇಳಿಯಬಹುದು. ಮಿಕ್ಕದ್ದು ಲೋಕಕ್ಕೆ ಸೇರಿದ್ದು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಹೇಳಿದೆ: ಮನೆಯೊಳಗಿನ ಗೋಡೆಗಳನ್ನು ಸೇರಿಸಿ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ, ಪೈಪುಗಳ ಶಾಫ್ಟು ಬಿಟ್ಟು, ನಿಜಕ್ಕೂ ಬಳಸಬಹುದಾದ ನೆಲ. ಈ ಅಂಕಿ ಕರಾರುಪತ್ರದಲ್ಲಿ ಇರುತ್ತದೆ. ಜಾಹೀರಾತಿನಲ್ಲಿ ಅದನ್ನು ಕಂಡವರಿದ್ದರೆ ಪ್ರಸ್ತುತ ಸಂಶೋಧಕನನ್ನು ಸಂಪರ್ಕಿಸಬಹುದು, ಭೂತಗನ್ನಡಿ ನಮ್ಮಲ್ಲಿದೆ.

ಆದೇಶಸಂಧಿ. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬರುವುದು ಆದೇಶ. ಮಳೆ + ಕಾಲ ಮಳೆಗಾಲವಾದ ಹಾಗೆ. ಫೋಟೋದಲ್ಲಿ ಒಂದು ಮನೆ. ಬಿಸಿಲು ಬಿದ್ದ ಹಜಾರ, ಕಿಟಕಿಯಾಚೆ ಹೊಂಗೆ ಮರ, ಬಾಡಿಗೆ ನಂಬಲಾರದಷ್ಟು ಕಡಿಮೆ. ಫೋನು ಮಾಡಿದರೆ, "ಬನ್ನಿ ಸಾರ್, ಖಾಲಿ ಇದೆ." ಹೋಗಿ ನಿಂತರೆ, "ಅಯ್ಯೋ, ಅದು ನಿನ್ನೆ ರಾತ್ರಿ ಹೋಗ್ಬಿಡ್ತು ಸಾರ್. ಪರ್ವಾಗಿಲ್ಲ, ಅದಕ್ಕಿಂತ ಚೆನ್ನಾಗಿರೋದು ಇಲ್ಲೇ ಹಿಂದ್ಗಡೆ ಇದೆ." ಕಕಾರದ ಜಾಗದಲ್ಲಿ ಗಕಾರ ಬಂದಿತು. ಮೊದಲನೆಯ ಮನೆ ನಿನ್ನೆ ಹೋಯಿತೋ, ಎರಡು ವರ್ಷದ ಹಿಂದೆಯೇ ಹೋಗಿತ್ತೋ, ಭೂಮಿಯ ಮೇಲೆ ಯಾವತ್ತಾದರೂ ಇತ್ತೋ ಎಂಬುದು ಮೂಲಪಾಠದ ಸಮಸ್ಯೆ. ಅದೇ ಫೋಟೋ ಮೂವರು ದಲ್ಲಾಳಿಗಳ ಹೆಸರಿನಲ್ಲಿ, ಮೂರು ಬಡಾವಣೆಗಳಲ್ಲಿ, ಮೂರು ಬಾಡಿಗೆಗಳಲ್ಲಿ ದೊರೆತಿರುವುದರಿಂದ ಪಾಠಾಂತರಗಳಿಗೆ ಬರವಿಲ್ಲ.

ಕಾಲಗಳ ವಿಚಾರ. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳ ಜೊತೆಗೆ ಬೆಂಗಳೂರು ನಾಲ್ಕನೆಯದೊಂದನ್ನು ಕಂಡುಹಿಡಿದಿದೆ: ಪ್ರಸ್ತಾವಿತ ಕಾಲ. 'ಪ್ರಸ್ತಾವಿತ ಪೆರಿಫೆರಲ್ ರಿಂಗ್ ರಸ್ತೆಗೆ ಹೊಂದಿಕೊಂಡಂತೆ.' ಆ ರಸ್ತೆ ಈ ಶತಮಾನದ ಮೊದಲ ದಶಕದಿಂದ ಪ್ರಸ್ತಾವದಲ್ಲಿದೆ. ಈ ನಡುವೆ ಅದರ ಹೆಸರು ಬದಲಾಯಿತು, ಅಕ್ಕಪಕ್ಕದ ಸೈಟುಗಳು ಹಲವು ಕೈ ಬದಲಾಯಿಸಿದವು, ರಸ್ತೆಯೊಂದು ಬರಲಿಲ್ಲ. 'ಇ-ಖಾತಾ ಆಗ್ತಾ ಇದೆ', 'ಕಾವೇರಿ ಬರ್ತಾ ಇದೆ' ಎಂಬ ಪ್ರಯೋಗಗಳೂ ನೋಡಲು ವರ್ತಮಾನದಂತಿದ್ದರೂ ಇದೇ ಕಾಲಕ್ಕೆ ಸೇರಿದವು. 'ಮೆಟ್ರೋಗೆ ಹತ್ತೇ ನಿಮಿಷ' ಎಂಬಲ್ಲಿ ನಿಮಿಷವು ಬೆಳಗಿನ ಜಾವ ನಾಲ್ಕು ಗಂಟೆಯದು, ಅದೂ ಹಬ್ಬದ ರಜೆಯಲ್ಲಿ ಊರೆಲ್ಲ ಊರಿಗೆ ಹೋದಾಗ.

ಸಮಾಸಪ್ರಕರಣ. ಎರಡು ಪದ ಸೇರಿ, ಎರಡರ ಅರ್ಥವನ್ನೂ ಬಿಟ್ಟು ಬೇರೊಂದು ಪದದ ಅರ್ಥವೇ ಮುಖ್ಯವಾದರೆ ಬಹುವ್ರೀಹಿ. ಮುಕ್ಕಣ್ಣ ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ಹಾಗೆಯೇ 'ಲೇಕ್ ವ್ಯೂ' ಎಂದರೆ ಲೇಕೂ ಅಲ್ಲ, ವ್ಯೂವೂ ಅಲ್ಲ, ಒಳಚರಂಡಿ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿದದ್ದನ್ನು, 2015ರಲ್ಲೂ 2017ರಲ್ಲೂ ಆ ಕೆರೆಗೆ ಬೆಂಕಿಯೇ ಹತ್ತಿದ್ದನ್ನು ನಾಡೇ ನೋಡಿದೆ. ನೀರಿಗೆ ಬೆಂಕಿ ಬೀಳುವ ದೃಶ್ಯ ಬಾಲ್ಕನಿಯಿಂದ ಕಾಣುವುದಾದರೆ ಪ್ರೀಮಿಯಂ ಕೇಳುವುದು ನ್ಯಾಯವೇ. 2022ರ ಮಳೆಗಾಲದಲ್ಲಂತೂ ಕೆರೆ ತಾನಾಗಿ ಮನೆಬಾಗಿಲಿಗೇ ಬಂದು, ಕೋಟಿಗಟ್ಟಲೆ ಕೊಟ್ಟ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ಊರಿನಲ್ಲಿ ಕೆರೆಗಳು ಲೇಔಟುಗಳಾಗಿ ಜನ್ಮ ತಳೆಯುವುದು ಹೊಸದಲ್ಲ. ರಾಜಕಾಲುವೆಗಳಿಗೆ ಮಾತ್ರ ತಮ್ಮ ಹಿಂದಿನ ಜನ್ಮದ ನೆನಪಿದೆ.

ತತ್ಪುರುಷ, ಕರ್ಮಧಾರಯ, ದ್ವಿಗು, ಅಂಶಿ, ಕ್ರಿಯಾಸಮಾಸಗಳಿಗೂ ಉದಾಹರಣೆ ಕೊಡುವುದಾಗಿ ಸಾರಲೇಖದಲ್ಲಿ ಮಾತು ಕೊಡಲಾಗಿತ್ತು. ಮನೆ ಕೊಡುವವರು ನಡೆಸದ ಮಾತನ್ನು ಪ್ರಬಂಧ ಬರೆಯುವವನೊಬ್ಬ ನಡೆಸಬೇಕಾಗಿಲ್ಲ.

ಅಲ್ಲದೆ ಮುಂದಿನ ಪಠ್ಯ ಯಾವ ಪ್ರಕರಣಕ್ಕೂ ಒಗ್ಗುತ್ತಿಲ್ಲ. 'ವೆಜ್ ಓನ್ಲಿ. ಡೀಸೆಂಟ್ ಫ್ಯಾಮಿಲಿ ಓನ್ಲಿ.' ಓನರಿಗೆ ಬದನೆಕಾಯಿಯ ಮೇಲೆ ವಿಶೇಷ ಮಮತೆಯಿದ್ದು ಹಾಕಿದ ಷರತ್ತಲ್ಲ ಇದು. ಫೋನಿನಲ್ಲಿ ದಲ್ಲಾಳಿ ದನಿ ತಗ್ಗಿಸುತ್ತಾನೆ: "ತಪ್ಪು ತಿಳ್ಕೋಬೇಡಿ ಸಾರ್, ನೀವು ಯಾವ ಜನ?" ಯಾಕೆಂದು ಕೇಳಿದರೆ, "ನಂದೇನಿಲ್ಲ ಸಾರ್, ಓನರ್ ಕೇಳ್ತಾರೆ." ಓನರನ್ನು ಕೇಳಿದರೆ, "ನಮಗೇನಿಲ್ಲಪ್ಪ, ಮನೇಲಿ ವಯಸ್ಸಾದೋರಿದ್ದಾರೆ." ವಯಸ್ಸಾದವರನ್ನು ಯಾರೂ ಕೇಳಿರುವುದಿಲ್ಲ, ಅವರು ಒಳಗೆ ಟಿವಿ ನೋಡುತ್ತಿರುತ್ತಾರೆ. ಕೈಯಲ್ಲಿ ಹತ್ತು ತಿಂಗಳ ಅಡ್ವಾನ್ಸ್, ಒಳ್ಳೆಯ ಕೆಲಸ, ಚೊಕ್ಕ ನಡತೆ ಎಲ್ಲ ಇರುವ ದಲಿತ ಹುಡುಗ ಇದೇ ಊರಿನಲ್ಲಿ ಊರ ಹೆಸರು, ತಾತನ ಹೆಸರು, ಮನೆದೇವರ ಹೆಸರು ಒಪ್ಪಿಸಬೇಕು. ಮುಸ್ಲಿಂ ಹೆಸರು ಕಿವಿಗೆ ಬಿದ್ದರೆ ಮನೆ ಆ ಕ್ಷಣವೇ 'ಹೋಗ್ಬಿಡ್ತು'. ಆದೇಶಸಂಧಿಯೆಂದು ಮೇಲೆ ನಕ್ಕು ಮುಗಿಸಿದ್ದು ಇದೇ ಮಾತನ್ನು. ಅಲ್ಲಿ ನನ್ನನ್ನು ಹಿಂದಿನ ಬೀದಿಗಾದರೂ ಕರೆದೊಯ್ದರು.

ಇಡೀ ಜಾಹೀರಾತಿನಲ್ಲಿ ಸತ್ಯವಾದ ಸಾಲು ಈ 'ವೆಜ್ ಓನ್ಲಿ' ಒಂದೇ, ಮತ್ತು ಅದನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ.

ಇನ್ನೊಂದು ಜಾತಿಯ ಪಠ್ಯ ಊರ ಹೊರಗಿನದು. 'ರೆವಿನ್ಯೂ ಸೈಟ್, ಪೇಪರ್ಸ್ ಎಲ್ಲಾ ಕ್ಲಿಯರ್, ಜಿಪಿಎ ಮೇಲೆ ತಕ್ಷಣ ರಿಜಿಸ್ಟ್ರೇಷನ್.' ಭೂಪರಿವರ್ತನೆಯಾಗದ ರಾಗಿ ಹೊಲಕ್ಕೆ ಸುಣ್ಣ ಬಳಿದ ಕಲ್ಲು ನೆಟ್ಟು, 20x30 ಎಂದು ಚೌಕ ಹೊಡೆದಿರುತ್ತಾರೆ. ಜಿಪಿಎ, ಅಂದರೆ ಅಧಿಕಾರಪತ್ರ, ಕೈಗಿತ್ತ ಮಾತ್ರಕ್ಕೆ ಆಸ್ತಿಯ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಬಿಡಿಸಿ ಹೇಳಿತು. ಆ ತೀರ್ಪು ರಾಗಿ ಹೊಲದವರೆಗೆ ಬರಲಿಲ್ಲ. ಅಲ್ಲಿಗೆ ಬರುವವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೋ ಓಡಿಸುವವರು, ಚೀಟಿ ಎತ್ತಿ, ತಾಳಿಸರವನ್ನು ಬ್ಯಾಂಕಿನಲ್ಲಿಟ್ಟು ದುಡ್ಡು ಹೊಂದಿಸಿದವರು. ಅದೇ ಕಲ್ಲುಗಳ ನಡುವಿನ ಜಾಗವನ್ನು ಇನ್ನೊಬ್ಬನಿಗೂ ಮಾರಿರುವುದು ಗೊತ್ತಾದ ದಿನ 'ಕ್ಲಿಯರ್' ಎಂದವನ ಫೋನು ಸ್ವಿಚ್ ಆಫ್. ಇದನ್ನು ಸಂಕಥನ ಎನ್ನುವುದಿಲ್ಲ, ಕಳ್ಳತನ ಎನ್ನುತ್ತಾರೆ. ಬಾಯಿಮಾತಿನಲ್ಲಿ ಮಾಡಿದ ಕಳ್ಳತನಕ್ಕೆ ಸಾಕ್ಷಿಯಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿಗೆ ನಮ್ಮ ಸಿದ್ಧಾಂತ ತಾನಾಗಿ ಹೊರಬಿದ್ದಿದೆ. ಜಾಹೀರಾತಿನ ವಾಕ್ಯಕ್ಕೆ ಕರ್ಮವಿದೆ, ಕ್ರಿಯಾಪದವಿದೆ, ಬೇಕಾದಷ್ಟು ವಿಶೇಷಣಗಳಿವೆ, ಕರ್ತೃವಿಲ್ಲ. ಹೇಳಿದವರು ಯಾರೂ ಅಲ್ಲ. ದಲ್ಲಾಳಿಗೆ ಓನರ್ ಹೇಳಿದ್ದ, ಓನರಿಗೆ ಬಿಲ್ಡರ್ ಹೇಳಿದ್ದ, ಬಿಲ್ಡರಿನ ಬ್ರೋಷರಿನ ಮೂಲೆಯಲ್ಲಿ ಇರುವೆ ಹರಿದಂಥ ಅಕ್ಷರದಲ್ಲಿ 'ಚಿತ್ರಗಳು ಕಲಾವಿದನ ಕಲ್ಪನೆ' ಎಂದಿದೆ. ಆ ಕಲಾವಿದನನ್ನು ಹಿಡಿಯಬೇಕು.

ಉತ್ತಮ ದಲ್ಲಾಳಿಯ ಲಕ್ಷಣವೂ ಆದ್ದರಿಂದ ಒಂದೇ: ಹೇಳಿದ್ದಕ್ಕೆ ಕರ್ತೃವಾಗಿ ನಿಲ್ಲುವುದು. ಕಾನೂನು ಇದಕ್ಕೆ ಅರ್ಧ ದಾರಿ ಹಾಕಿಕೊಟ್ಟಿದೆ. ರೇರಾದಲ್ಲಿ ನೋಂದಾಯಿತವಾದ ಯೋಜನೆಯ ಮನೆ ಮಾರಿಸುವ ಏಜೆಂಟ್ ತಾನೂ ನೋಂದಾಯಿಸಿಕೊಂಡಿರಬೇಕು, ಮಾರಾಟದಲ್ಲಿ ತನ್ನ ನೋಂದಣಿ ಸಂಖ್ಯೆ ನಮೂದಿಸಬೇಕು, ಸುಳ್ಳು ಹೇಳಿಕೆ ಕೊಡಬಾರದು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಒಟ್ಟು ಮನೆ ಬೆಲೆಯ ಶೇ. 5ರವರೆಗೆ ದಂಡ. ಬಿಲ್ಡರಿನ ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಕೆಟ್ಟರೆ ಪರಿಹಾರ ಕೇಳುವ ಹಕ್ಕೂ ಇದೆ. ಹಾಗಾಗಿ ಆ ಬ್ರೋಷರನ್ನು ರದ್ದಿಗೆ ಹಾಕಬೇಡಿ, ಫೋನಿನಲ್ಲಿ ಬಂದ ಜಾಹೀರಾತಿನ ಸ್ಕ್ರೀನ್‌ಶಾಟು ಇಟ್ಟುಕೊಳ್ಳಿ. ನೋಂದಾಯಿತ ಕರಾರಿಗೆ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. "ಇನ್ನೊಂದು ಪಾರ್ಟಿ ರೆಡಿ ಇದೆ ಸಾರ್, ಇವತ್ತೇ ಟೋಕನ್ ಹಾಕ್ಬಿಡಿ" ಎಂಬ ಮಾತು ಬಂದಾಗ ಆ ಇನ್ನೊಂದು ಪಾರ್ಟಿಗೆ ಮನಸಾರೆ ಹರಸಿ ಎದ್ದು ಬರಬಹುದು.

ಉಳಿದರ್ಧ ದಾರಿ ಕತ್ತಲೆ. 500 ಚದರ ಮೀಟರು ಮೀರದ ಜಾಗದಲ್ಲಿ ಕಟ್ಟಿದ್ದಕ್ಕೆ, ಅಥವಾ ಎಂಟು ಮನೆ ದಾಟದ ಕಟ್ಟಡಕ್ಕೆ ರೇರಾ ನೋಂದಣಿ ಬೇಕಿಲ್ಲ. ನಾಲ್ಕು 30x40 ಸೈಟು ಒಟ್ಟುಮಾಡಿದರೂ ಸುಮಾರು 446 ಚದರ ಮೀಟರು. ಗಲ್ಲಿಗಲ್ಲಿಯಲ್ಲಿ ಎದ್ದಿರುವ ಸಣ್ಣ ಅಪಾರ್ಟ್‌ಮೆಂಟುಗಳೆಲ್ಲ ಈ ಕಿಂಡಿಯಲ್ಲಿ ಕೂತಿವೆ. ಬಾಡಿಗೆ ಮನೆಯ ದಲ್ಲಾಳಿಗಳು ಈ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ಫಾರಂ 15ರಲ್ಲಿ ಋಣಭಾರಗಳ ಪಟ್ಟಿ ನೋಡಿದಿರೆನ್ನಿ, ಅಥವಾ ಏನೂ ಇಲ್ಲವೆಂಬ ಫಾರಂ 16 ಬಂತೆನ್ನಿ, ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ಮಧ್ಯೆ ಬಾಯಿಮಾತಿನಲ್ಲಿ ನಿಂತಿರುವ ಪಾಲು ಅದರಲ್ಲಿಲ್ಲ. ಮೂಲಪತ್ರದಿಂದ ಇವತ್ತಿನವರೆಗಿನ ಸರಣಿಯನ್ನು ದಲ್ಲಾಳಿ ತೋರಿಸಿದ ವಕೀಲರಲ್ಲ, ನೀವು ಹುಡುಕಿದ ವಕೀಲರು ಓದಬೇಕು. ಅದಕ್ಕೆ ದಲ್ಲಾಳಿ ಮುಖ ಸಣ್ಣಗೆ ಮಾಡಿದರೆ ಅಲ್ಲಿಗೆ ಅವನ ಪರೀಕ್ಷೆ ಮುಗಿಯಿತು.

ಇವೆಲ್ಲಕ್ಕಿಂತ ಫಲಪ್ರದವಾದ ವಿಧಾನ ಸಹಸಂಶೋಧಕಿಯದು. ಆಕೆ ಯಾವ ಮನೆಯೊಳಗೂ ಹಜಾರ ನೋಡುವುದಿಲ್ಲ. ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, "ಅಕ್ಕಾ, ಬೇಸಿಗೇಲಿ ನೀರು ಹೆಂಗೆ ಇಲ್ಲಿ?" ಎನ್ನುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ಕೂತ ಅಕ್ಕಂದಿರು ಈ ಪ್ರಶ್ನೆಗೆ ಕೊಡುವ ಉತ್ತರದ ಮುಂದೆ ನಮ್ಮ ಲೋಪ, ಆಗಮ, ಆದೇಶಗಳು ಏನೇನೂ ಅಲ್ಲ. ಇದೇ ಪ್ರಶ್ನೆ ಕೇಳಿದಾಗ ಎಷ್ಟೋ ದಲ್ಲಾಳಿಗಳು ಆಕಾಶ ನೋಡಿದರು. ಒಬ್ಬರು ಮಾತ್ರ, ಐವತ್ತು ದಾಟಿದವರು, ಹೆಲ್ಮೆಟ್ಟು ತೆಗೆಯದೆಯೇ, "ಈ ಮನೆ ಬೇಡಮ್ಮ ನಿಮಗೆ. ಏಪ್ರಿಲ್ ಬಂದ್ರೆ ಇಲ್ಲಿ ನೀರಿಲ್ಲ. ಮೇಲಿನ ಸಿಮೆಂಟ್ ನೋಡಿ, ಸೋರುತ್ತೆ. ಓನರ್ ಪೇಂಟ್ ಹೊಡೆಸಿ ಮುಚ್ಚಿದ್ದಾರೆ" ಎಂದರು. ಒಂದು ತಿಂಗಳ ಬಾಡಿಗೆ ಕಮಿಷನ್ ಕೈತಪ್ಪುವ ಮಾತು ಅದು. ಅವರ ಮೂಲಕವೇ ಬೇರೆ ಮನೆ ಹಿಡಿದೆವು. ಕಮಿಷನ್ನಿಗೆ ರಸೀದಿ ಬರೆದು, ಹೆಸರು ಹಾಕಿ, ಸಹಿ ಮಾಡಿಕೊಟ್ಟರು. ರಸೀದಿ ಹರಿದು ನನ್ನ ಕೈಗಿಡುವಾಗ ಅವರಿಗೆ ಫೋನು ಬಂತು. ಹೊಸ ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ ನಾವಾಗಲೇ ಒಮ್ಮೆ ನಡೆದು ನೋಡಿದ್ದೆವು, ಅರ್ಧ ಗಂಟೆಯ ದಾರಿ. ಎದುರು ಮನೆಯ ಮೇಲ್ಮಹಡಿ ಖಾಲಿಯಿತ್ತು. ಅವರು ಫೋನನ್ನು ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡು, ಗಾಡಿ ಸ್ಟಾರ್ಟ್ ಮಾಡುತ್ತಾ, "ಬನ್ನಿ ಮೇಡಂ, ಖಾಲಿ ಇದೆ. ಮೆಟ್ರೋಗಾ? ಹತ್ತೇ ನಿಮಿಷ" ಎಂದರು.