ಈರಪ್ಪನ ಹರ್ನಿಯಾ, ವೀರಪ್ಪನ ಪಾಲಿಸಿ

(ರೋಣದ ಬಸ್ ಸ್ಟ್ಯಾಂಡ್ ಎದುರು ಗೌರವ್ವನ ಚಾದಂಗಡಿ. ಗಜೇಂದ್ರಗಡದ ನೇಕಾರ ಈರಪ್ಪ ಹುಬ್ಬಳ್ಳಿಯಲ್ಲಿ ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೊರಟಿದ್ದಾನೆ. ನರಗುಂದದ ಇನ್ಶುರೆನ್ಸ್ ಏಜೆಂಟ್ ಮಂಜು ಅವನನ್ನು ಕಂಡು ದಾರಿ ಬದಲಿಸುತ್ತಾನೆ.)

ಈರಪ್ಪ: ಏ ಮಂಜು! ಆ ಕಡೆ ಯಾಕ ಹೊಳ್ಳಿದಿ? ಬಾರಲೇ ಇಲ್ಲೆ.

ಮಂಜು: ಅಯ್ಯ ಕಾಕಾ, ನಿಮ್ಮನ್ನ ನೋಡಲೇ ಇಲ್ರಿ. ಆಪರೇಶನ್ ಚಲೋ ಆತಿಲ್ರಿ?

ಈರಪ್ಪ: ಆಪರೇಶನ್ ಒಂದ ತಾಸಿಗೆ ಮುಗೀತು. ಮನಿಗೆ ಬಿಡಾಕ ಒಂದ ದಿನ ತಗೊಂಡ್ರು. ಮುಂಜಾನೆ ಡಾಕ್ಟರ್ ಬಂದು "ಇನ್ನ ಹೋಗ್ರಿ ಯಜಮಾನ್ರ" ಅಂದ್ರು. ಧೋತ್ರ ಉಟ್ಟು, ಪಟಗಾ ಸುತ್ತಿ ಕುಂತೆ. ಮಧ್ಯಾಹ್ನಾತು, ಸಂಜಿನೂ ಆತು. ಕೌಂಟರಿನ್ಯಾಂವ "ಇನ್ಶುರೆನ್ಸಿನವರು ಇನ್ನಾ ಕ್ಲಿಯರ್ ಮಾಡಿಲ್ರಿ" ಅಂತಾನ. ಪಾಲಿಸಿ ಮಾಡಿಸೂ ಮುಂದ ನೀ ಏನಂದಿದ್ದಿ? "ಎಲ್ಲಾ ಮಷಿನ್ನ ಮಾಡತೈತ್ರಿ ಕಾಕಾ" ಅಂದಿದ್ದಿಲ್ಲ?

ಮಂಜು: ಮಾಡತೈತ್ರಿ ಮತ್ತ! ಅಡ್ಮಿಟ್ ಆದಾಗ ಒಪ್ಪಿಗಿ ಎಷ್ಟೊತ್ತಿಗೆ ಬಂತು?

ಈರಪ್ಪ: ಅದು ಖರೇನ ಲಗೂ ಬಂತಪಾ. ನಮ್ಮಾಕಿ ಚಾ ಕುಡದು ಬರೂದ್ರಾಗ ಬಂದಿತ್ತು.

ಮಂಜು: ಅದ ನೋಡ್ರಿ. ಮೊದಲ ದವಾಖಾನಿಯಿಂದ ಫ್ಯಾಕ್ಸ್ ಹೋಗಬೇಕು, ಅಲ್ಲೊಬ್ರು ಕಾಗದ ತಿರುವಿ ಹಾಕಬೇಕು. ಈಗ ಕಂಪ್ಯೂಟರ್ರು ಪಾಲಿಸಿ ಚಾಲೂ ಐತೋ ಇಲ್ಲೋ, ಹರ್ನಿಯಾಕ್ಕ ಕಾಯೂ ಅವಧಿ ಮುಗದೈತೋ, ಕೋಣಿ ಬಾಡಿಗಿ ಮಿತಿ ಎಷ್ಟು, ಎಲ್ಲಾ ತಾಳಿ ನೋಡಿ ಹೇಳತೈತಿ. ವಿಮಾ ಕಂಪನಿಗಳ ಮ್ಯಾಲೆ ನಿಗಾ ಇಡೂ ಐಆರ್‌ಡಿಎಐದವರು 2024ರ ಮೇ ತಿಂಗಳದಾಗ ಸುತ್ತೋಲೆ ಹೊರಡಿಸ್ಯಾರ. ಕ್ಯಾಶ್‌ಲೆಸ್ ಚಿಕಿತ್ಸೆಕ್ಕ 1 ತಾಸಿನ್ಯಾಗ ಒಪ್ಪಿಗಿ ಕೊಡಬೇಕು, ಡಿಸ್ಚಾರ್ಜಿಗೆ 3 ತಾಸು. ಅದಕ್ಕಿಂತ ತಡಾ ಮಾಡಿ ದವಾಖಾನಿಯವರು ಹೆಚ್ಚಿಗಿ ಬಾಡಿಗಿ ಹಚ್ಚಿದ್ರ, ಅದನ್ನ ಕಂಪನಿ ತನ್ನ ಶೇರುದಾರರ ರೊಕ್ಕದಾಗ ಕಟ್ಟಬೇಕು.

ಈರಪ್ಪ: ಮತ್ತ ನನ್ನ ಮೂರ ತಾಸು ಸಂಜಿ ಆರಕ್ಕ ಯಾಕ ಮುಗೀತು?

ಮಂಜು: ದವಾಖಾನಿಯವರು ಬಿಲ್ಲು ಕಳಿಸಿದ ಮ್ಯಾಲೆ ತಾಸು ಎಣಸ್ತಾರ್ರಿ. ನಡುವ ಒಂದು ಕ್ವೆರಿ ಎದ್ದಿತೋ, ಮುಗೀತು.

ಈರಪ್ಪ: ಎದ್ದಿತ್ತಲೇ! "ರೋಗಿ ಈರಪ್ಪ, ಪಾಲಿಸಿ ವೀರಪ್ಪಂದು. ಇಬ್ಬರ ಸಂಬಂಧ ತಿಳಿಸ್ರಿ" ಅಂತ. ನನಗೂ ನನಗೂ ಏನ ಸಂಬಂಧ ಅಂತ ಈ ವಯಸ್ಸಿನ್ಯಾಗ ಹೆಂಗ ಹೇಳ್ಲಿ? ಅದನ್ನ ತಿಳಕೊಳ್ಳಾಕಂತನ ಎಷ್ಟೋ ಮಂದಿ ಮನಿ ಬಿಟ್ಟು ಮಠ ಸೇರ್ಯಾರ!

ಗೌರವ್ವ (ಮಿರ್ಚಿ ಭಜಿ ತಿರುವುತ್ತ): ಈರಪ್ಪ, ವೀರಪ್ಪ ಒಬ್ಬನ ಅಂತ ನಮ್ಮ ರೋಣದ ಅಂಗನವಾಡಿ ಹುಡುಗರಿಗೂ ಗೊತ್ತೈತಲ್ಲೋ ತಮ್ಮಾ.

ಮಂಜು: ಮಷಿನ್ನು ಅಂಗನವಾಡಿಗೆ ಹೋಗಿಲ್ಲವ್ವಾ. ಆಧಾರದಾಗ ಒಂದು, ಪಾಲಿಸ್ಯಾಗ ಒಂದು ಇದ್ರ ಅದು ನಿಂತ ಬಿಡತೈತಿ.

ಈರಪ್ಪ: ಆಧಾರದಾಗ ಈರಪ್ಪನ ಐತಿ. ಪಾಲಿಸಿ ಫಾರ್ಮ್ ತುಂಬಿದಾಂವ ಯಾರು?

ಮಂಜು: (ಮೆಲ್ಲಗೆ) ನಾನ್ರಿ. ಶುದ್ಧ ಇರ್ಲಿ ಅಂತ ವೀರಪ್ಪ ಅಂತ ಬರದೆ.

ಈರಪ್ಪ: ಅದಕ್ಕ ಆ ಕಡೆ ಹೊಳ್ಳಿದ್ದಿ!

ಮಂಜು: ಇಂಥಾದ್ದು ದೊಡ್ಡವರ ಕಡೇನೂ ಆಗತೈತ್ರಿ ಕಾಕಾ. 2023ರ ಸಿಎಜಿ ವರದಿ ನೋಡ್ರಿ. ಆಯುಷ್ಮಾನ್ ಭಾರತ ಯೋಜನಾದಾಗ 7,49,820 ಮಂದಿ ಹೆಸರಿನ ಮುಂದ ಒಂದ ಮೊಬೈಲ್ ನಂಬರ್ ಇತ್ತು. ಹತ್ತೂ ಅಂಕಿ ಒಂಬತ್ತು.

ಗೌರವ್ವ: ಯವ್ವಾ! ಆ ಫೋನಿನ ಚಾರ್ಜರ್ ಏನಾಗಿರಬೇಕು!

ಮಂಜು: ನಂಬರ್ ನೋಡಿ ಯಾರನ್ನೂ ಗುರುತು ಹಿಡಿಯಂಗಿಲ್ಲ ಅಂತ ಸರಕಾರ ಉತ್ತರ ಕೊಟ್ಟೈತ್ರಿ.

ಈರಪ್ಪ: ಏಳೂವರಿ ಲಕ್ಷ ಮಂದಿಗೆ ಒಂದ ನಂಬರ್ ನಡೀತೈತಿ. ಒಬ್ಬ ಈರಪ್ಪಗ ಒಂದು 'ವ' ಹೆಚ್ಚಾದ್ರ ನಡಿಯಂಗಿಲ್ಲ!

ಗೌರವ್ವ: ನಂದು ಸೊಸೈಟ್ಯಾಗ ಯಶಸ್ವಿನಿ ಆರೋಗ್ಯ ಯೋಜನಾ ಐತ್ರಿ. 2003ರಾಗ ಶುರುವಾದಾಗ ತಿಂಗಳಿಗೆ 5 ರೂಪಾಯಿ. 2018ರಾಗ ನಿಲ್ಲಿಸಿ 2022ರಾಗ ಮತ್ತ ತಂದ್ರು, ಹಳ್ಳಿಯವರಿಗೆ ನಾಕ ಮಂದಿ ಕುಟುಂಬಕ್ಕ ವರ್ಷಕ್ಕ 500 ಮಾಡಿದ್ರು. ನಮ್ಮ ಸೆಕ್ರೆಟರಿ ಮಾರಿ ನೋಡಿ ಹೆಸರು ಬರೀತಾನ, ಕ್ವೆರಿ ಗಿರಿ ಇಲ್ಲ.

ಈರಪ್ಪ: ಆಟೊಮೇಶನ್ ಅಂದ್ರ ನಮಗ ಹೊಸಾದಲ್ಲಲೇ ಮಂಜು. ನಮ್ಮ ಕಾಲಕಾಲೇಶ್ವರನ ಗುಡಿಯಾಗ ಯುಗಾದಿ ಹಿಂದಿನ ರಾತ್ರಿ ಸುಣ್ಣ, ಕುಂಚ ಇಟ್ಟು ಬರ್ತಾರ. ಬೆಳಗಾಗೂದ್ರಾಗ ಗುಡಿಗೆ ತಾನ ಸುಣ್ಣ ಹತ್ತಿರತೈತಿ ಅಂತ ಮಂದಿ ನಂಬಿಕಿ. ಆದ್ರ ಬಾಜೂಕ ಒಂದು ಗುಡಗುಡಿನೂ ಇಟ್ಟಿರ್ತಾರ, ಯಾರೋ ಸೇದಿ ಹೋದಂಗ ಇರತೈತಂತ. ತಾನ ಆಗೂ ಕೆಲಸಕ್ಕೂ ಹಿಂದೊಬ್ಬ ಸೇದಾಂವ ಇರ್ತಾನ. ನಿಮ್ಮ ಕಂಪನ್ಯಾಗ ಗುಡಗುಡಿ ಸೇದಾಂವ ಯಾರು? ಅವನ ನಂಬರ್ ಕೊಡು.

ಮಂಜು: ಅದಾರ್ರಿ. ಕ್ಲೇಮ್ ಆಗಂಗಿಲ್ಲ ಅನ್ನೂ ಅಧಿಕಾರ ಮಷಿನ್ನಿಗಿಲ್ಲ. ಕಂಪನ್ಯಾಗ ಮೂರು ಮಂದಿ ಕ್ಲೇಮ್ ಪರಿಶೀಲನಾ ಸಮಿತಿ ಇರತೈತಿ. ಅದು, ಇಲ್ಲಾ ಅದರ ಮ್ಯಾಲಿನ ಸಮಿತಿ ಒಪ್ಪಿದ್ರ ಮಾತ್ರ ಕ್ಲೇಮ್ ತಿರಸ್ಕಾರ ಮಾಡಬಹುದು. ಅದೂ ಆ ಸುತ್ತೋಲ್ಯಾಗನ ಐತಿ.

ಈರಪ್ಪ: ಹೂಂ ಅನ್ನಾಕ ಮಷಿನ್ನು, ಉಹೂಂ ಅನ್ನಾಕ ಮೂರು ಮಂದಿ. "ತಡೀರಿ" ಅನ್ನಾಕ?

ಮಂಜು: ಅದಕ್ಕ ನಾ ಅದೇನ್ರಿ.

ಈರಪ್ಪ: ಹಂಗಾರ ತಡೀತೇನಿ, ನೀ ಅರ್ಜಿ ಬರಿ. ಆವತ್ತ ಕೋಣಿ ಬಾಡಿಗಿ ಅಂತ ಒಂದ ದಿನದ್ದು ನನ್ನ ಕಡೆ ಕಟ್ಟಿಸಿಕೊಂಡಾರ.

ಮಂಜು: ದವಾಖಾನಿಯವರು ಬಿಲ್ಲು ಎಷ್ಟೊತ್ತಿಗೆ ಕಳಿಸಿದ್ರು, ಬರಸ್ಕೊಂಡೀರೇನು?

ಈರಪ್ಪ: ಚೀಟಿ ಮ್ಯಾಲೆ ಬರಸ್ಕೊಂಡೇನಿ, ಹನ್ನೊಂದು ಗಂಟೆ. ನಮ್ಮಾಕಿ ಶಾಣ್ಯಾಕಿ.

ಮಂಜು: ಕೆಲಸ ಆತಂತ ತಿಳೀರಿ. ಮೊದಲ ಕಂಪನಿಗೆ ಅರ್ಜಿ. 30 ದಿನದಾಗ ಉತ್ತರ ಬರಲಿಲ್ಲ, ಇಲ್ಲಾ ಬಂದದ್ದು ಸಮಾಧಾನ ಆಗಲಿಲ್ಲ ಅಂದ್ರ ಬೆಂಗಳೂರಾಗ ವಿಮಾ ಓಂಬುಡ್ಸ್‌ಮನ್ ಅದಾರ. ಫೀ ಇಲ್ಲ, ವಕೀಲರೂ ಬ್ಯಾಡ.

ಈರಪ್ಪ: ಗೌರವ್ವಾ, ಒಂದು ಪೆನ್ನು ಕೊಡವ್ವಾ. ಬರಿ ಮಂಜು. ಹೆಸರು ಮಾತ್ರ ಆಧಾರ ನೋಡಿ ಬರಿ, ಶುದ್ಧ ಮಾಡಾಕ ಹೋಗಬ್ಯಾಡ.